ಹಿಂಬಾಗಿಲ ಕಾಕಾ

ನಮ್ಮ ಕಾಕಾ ಹೈದರಾಬಾದಿನಲ್ಲಿ ನಲವತ್ತು ವರ್ಷ ಕಳೆದವರು. ಆದರೂ ಈ ಊರಿನ ಒಂದೇ ಒಂದು ಅಂಗಡಿಯನ್ನಾಗಲಿ ಹೋಟೆಲನ್ನಾಗಲಿ ಅವರು ಮುಂಬಾಗಿಲಿನಿಂದ ಹೊಕ್ಕಿದ್ದನ್ನು ಕಂಡವರಿಲ್ಲ! ಹಾಗೆಂದ ಕೂಡಲೇ ಅವರನ್ನು ಕಳ್ಳರ ಪಟ್ಟಿಗೆ ಸೇರಿಸಬೇಡಿ. ಸೇರಿಸಿದವರೂ ಇದ್ದಾರೆನ್ನಿ. ಕಾಚಿಗೂಡದ ಒಂದು ಬಟ್ಟೆ ಅಂಗಡಿಯ ಹಿಂದೆ ಸುಳಿದಾಡುತ್ತಿದ್ದವರನ್ನು ಅಲ್ಲಿಯ ಕಾವಲುಗಾರ ಕೊರಳಪಟ್ಟಿ ಹಿಡಿದು ನಿಲ್ಲಿಸಿದ್ದ. ನಾನು ಗಾಬರಿಯಾಗಿ ಓಡಿಹೋಗುವಷ್ಟರಲ್ಲಿ ಇಬ್ಬರೂ ಒಂದೇ ಮುರುಕು ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅಷ್ಟರಲ್ಲಾಗಲೇ ಅಂಗಡಿಯ ಮೂರು ಬೀಗಗಳಲ್ಲಿ ಯಾವುದು ಬರೀ ತೋರಿಕೆಗೆ ನೇತಾಡುತ್ತಿದೆ ಎಂಬುದನ್ನು ಆ ಕಾವಲುಗಾರನೇ ಕಾಕಾನ ಕಿವಿಯಲ್ಲಿ ಹೇಳಿಬಿಟ್ಟಿದ್ದ!

ಕಾಕಾ ಎಂದರೆ ನನ್ನ ತಂದೆಯ ಕೊನೆಯ ತಮ್ಮ. ಕುಷಾಯಿಗೂಡದ ಬದಿಯ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ, ತಯಾರಾದ ಟಿ.ವಿ.ಗಳನ್ನು ತಪಾಸಣೆ ಮಾಡುವ ಕೆಲಸ ಅವರದು. ಕೈಯಲ್ಲಿ ಮೀಟರು, ಕಿವಿಯ ಮೇಲೆ ಕೆಂಪು ಪೆನ್ಸಿಲು. ಮೀಟರಿನ ಮುಳ್ಳು ಏನೇ ಹೇಳಲಿ, ಕಾಕಾ ಮೊದಲು ಕೇಳುತ್ತಿದ್ದದ್ದು ಆ ಟಿ.ವಿ.ಯನ್ನು ಜೋಡಿಸಿದ ಕೆಲಸಗಾರನನ್ನು. "ಏನಪಾ, ಇದನ್ನ ನಿನ್ನ ಮನಿಯಾಗ ಹಚ್ಚಿ, ಮುಂದ ಹೆಂಡ್ರು ಮಕ್ಕಳನ್ನ ಕುಂಡ್ರಸ್ತೀಯೇನು?" ಅವನು ಕಣ್ಣು ತಪ್ಪಿಸದೆ ಹೂಂ ಅಂದರೆ ಮಾತ್ರ ಆಮೇಲೆ ಮೀಟರಿಗೆ ಕೆಲಸ. ನಿವೃತ್ತರಾದ ಮೇಲೆ ಒಂದು ಟ್ರಂಕು, ಒಂದು ರೇಡಿಯೊ ಹಿಡಿದುಕೊಂಡು ತಾರ್ನಾಕದ ನಮ್ಮ ಬಾಡಿಗೆ ಮನೆಗೆ ಬಂದರು. ಕಾರ್ಖಾನೆ ತಪ್ಪಿತಲ್ಲ, ಇನ್ನು ಉಳಿದದ್ದು ಇಡೀ ಹೈದರಾಬಾದು! ತಪಾಸಣೆ ಶುರುವಾಯಿತು.

"ನೋಡೋ ತಮ್ಮಾ," ಎನ್ನುತ್ತಿದ್ದರು, "ಮಾಲಕನ್ನ ಕೇಳಿದ್ರ ಮಾಲಿನ ಗುಣಗಾನ ಮಾಡತಾನ. ದುಡಿಯಾಂವನ್ನ ಕೇಳು, ಅವ ಖರೇ ಹೇಳತಾನ."

"ಸುಮ್ಮನ ಹೇಳಿಬಿಡ್ತಾರೇನು ಕಾಕಾ?"

"ಕೇಳೂ ರೀತಿ ಐತಿ. 'ಮಾಲು ಹೆಂಗೈತಿ' ಅಂತ ಕೇಳಬಾರದು. 'ನಿಮ್ಮ ಮನಿಗೆ ನೀವ ಒಯ್ತೀರೇನು' ಅಂತ ಕೇಳಬೇಕು. ಅಲ್ಲಿಗೆ ಸುಳ್ಳಿನ ಆಟ ಮುಗೀತು!"

ಇನ್ನೊಂದು ನಿಯಮವೂ ಇತ್ತು. ಹೇಳಿದವರ ಹೆಸರನ್ನು ಕಾಕಾ ಸತ್ತರೂ ಬಾಯಿ ಬಿಡುತ್ತಿರಲಿಲ್ಲ. "ಹೆಸರ ಹೇಳಿದ್ರ ಅವರ ಅನ್ನಕ್ಕ ಕಲ್ಲ ಹಾಕಿದಂಗ" ಎಂದು ತುಟಿ ಬಿಗಿದರೆ ಮುಗಿಯಿತು, ಬ್ರಹ್ಮ ಬಂದು ಕೇಳಿದರೂ ಇಲ್ಲ.

ನನ್ನ ಹೆಂಡತಿ ಧಾರವಾಡದ ಕಡೆಯವಳು, ಮಾತಿಗೆ ಸೋಲುವವಳಲ್ಲ. "ಜನ ಉಂಡ ಮ್ಯಾಲ ಆ ಮನಿ ಜಂತಿ ಎಣಸ್ತಾರ. ನಿಮ್ಮ ಕಾಕಾ ಉಣ್ಣೂಕಿಂತ ಮೊದಲ ಎಣಸ್ತಾರ ನೋಡ್ರಿ!" ಎಂದು ಅವರೆದುರಿಗೇ ಹೇಳುತ್ತಿದ್ದಳು. ಕಾಕಾಗೆ ಅದು ಬೈಗುಳ ಅಂತ ಅನ್ನಿಸುತ್ತಲೇ ಇರಲಿಲ್ಲ. "ಮೊದಲ ಎಣಿಸಿದ್ರ ತಲಿಮ್ಯಾಲ ಬೀಳಾಂಗಿಲ್ಲವಾ" ಎಂದು ಸಮಾಧಾನ ಹೇಳುತ್ತಿದ್ದರು.

ಇಂಥವರಿಗೆ ಮದುವೆ ಯಾಕೆ ಆಗಲಿಲ್ಲ ಎಂದು ಕೇಳುತ್ತೀರಾ? ಆಗುವುದರಲ್ಲಿತ್ತು. ರಾಯಚೂರಿನಲ್ಲಿ ಹೆಣ್ಣು ನೋಡಲು ಹೋಗಿದ್ದರು. ಪಡಸಾಲೆಯಲ್ಲಿ ಹಿರಿಯರು, ತಟ್ಟೆಯಲ್ಲಿ ಉಪ್ಪಿಟ್ಟು, ಎಲ್ಲ ಇದೆ, ವರನೇ ಇಲ್ಲ! ಹುಡುಕಿದರೆ ಹಿತ್ತಲಲ್ಲಿ ಪಾತ್ರೆ ತಿಕ್ಕುವ ಮುದುಕಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಹುಡುಗಿಯ ಗುಣ ಹೇಗೆ ಎಂಬ ವಿಚಾರಣೆ. ಮುದುಕಿ, "ಬಂಗಾರದಂಥ ಹುಡುಗಿರಿ, ಸಿಟ್ಟು ಮಾತ್ರ ಸ್ವಲ್ಪ ಐತಿ" ಎಂದಳಂತೆ. ಕಾಕಾಗೆ ಹುಡುಗಿ ಬಹಳ ಮೆಚ್ಚಿಗೆಯಾದಳು. ಆದರೆ ಅಷ್ಟರಲ್ಲಿ ಹುಡುಗಿಯೇ ಹಿತ್ತಲ ಕಿಟಕಿಯಿಂದ ಇದನ್ನೆಲ್ಲ ನೋಡಿದ್ದಳು. ಮುದುಕಿ ಹೇಳಿದ್ದು ಸುಳ್ಳಲ್ಲ ಎಂಬುದು ಅಲ್ಲಿಯೇ ಸಾಬೀತಾಯಿತು!

ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಹೋಟೆಲಿಗೆ ಹೋಗೋಣ ಎಂದು ನಾನೊಮ್ಮೆ ಬಾಯಿ ತಪ್ಪಿ ಕಾಕಾನ ಮುಂದೆ ಅಂದುಬಿಟ್ಟೆ. ಅವರಿಗೆ ಕಾಚಿಗೂಡ ಸ್ಟೇಷನ್ನಿನ ಸುತ್ತಲ ಹೋಟೆಲುಗಳ ಮಾಣಿಗಳೆಲ್ಲ ಖಾಸಾ ದೋಸ್ತರು. "ಚಾಚಾ, ಆಜ್ ಕುರ್ಮಾ ನಕ್ಕೋ" ಎಂದು ಅಲ್ಲಿಂದ ಕಣ್ಸನ್ನೆ ಬಂದರೆ ಸಾಕು, ಆ ದಿನ ಆ ಹೋಟೆಲಿನ ಕುರ್ಮಾ ನಮ್ಮ ಮನೆಯ ಮಟ್ಟಿಗೆ ಸತ್ತಂತೆ. ಕಾಕಾ ಹೇಳಿದ್ದು ಇಷ್ಟು: "ಗಿರಾಕಿ ಊಟ ಬ್ಯಾರೆ, ಅಡಗಿ ಮನಿಯವರ ಊಟ ಬ್ಯಾರೆ. ಅವರು ಉಣ್ಣೂದು ಮಧ್ಯಾಹ್ನ ನಾಲ್ಕಕ್ಕ. ನಾವೂ ನಾಲ್ಕಕ್ಕ ಹೋಗೂಣು."

ಹೀಗಾಗಿ ಹೊಸ ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದ ನನ್ನ ಹೆಂಡತಿ ಮಧ್ಯಾಹ್ನ ನಾಲ್ಕು ಗಂಟೆಗೆ ಹೋಟೆಲಿನ ಅಡಿಗೆ ಮನೆಯ ಹಿಂದೆ ಉಳ್ಳಾಗಡ್ಡಿ ಚೀಲದ ಮೇಲೆ ಕೂತು ವಾರ್ಷಿಕೋತ್ಸವ ಆಚರಿಸಿದಳು. ಭಟ್ಟರು ತಮಗೆಂದು ಮಾಡಿಕೊಂಡಿದ್ದ ಹುಣಸೆ ಸಾರು, ಬಿಸಿ ಅನ್ನ, ಸುಟ್ಟ ಹಪ್ಪಳ. ದಾರಿಯುದ್ದಕ್ಕೂ ಅವಳು ನನ್ನ ಜೊತೆ ಮಾತಾಡಲಿಲ್ಲ. ಆದರೆ ಎರಡನೆಯ ಸಲ ಸಾರು ಹಾಕಿಸಿಕೊಂಡಿದ್ದನ್ನು ನಾನು ನೋಡಿದ್ದೇನೆ. ಕೇಳಿದರೆ ಇವತ್ತಿಗೂ ಒಪ್ಪುವುದಿಲ್ಲ.

ಆಗ ಹೈದರಾಬಾದಿನಲ್ಲಿ ಸಾಫ್ಟ್‌ವೇರಿನ ಸುಗ್ಗಿ. ನಿನ್ನೆ ಬಂಡೆಗಲ್ಲು ಇದ್ದ ಜಾಗದಲ್ಲಿ ಇವತ್ತು ಗಾಜಿನ ಕಟ್ಟಡ. ಸಿಕ್ಕವರೆಲ್ಲ "ಅಮೆರಿಕಾ ಯಾವಾಗ?" ಎಂದು ಒಬ್ಬರನ್ನೊಬ್ಬರು ಕೇಳುವ ಕಾಲ. ನಾನೂ ಅಂಥದೊಂದು ಗಾಜಿನ ಪೆಟ್ಟಿಗೆಯೊಳಗೆ ಇನ್ನೊಬ್ಬರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸಕ್ಕಿದ್ದೆ. ಕಾಕಾಗೆ ಪರಮಾನಂದ. "ಅಂದ್ರ ನಮ್ಮ ಮನಿತನದ ಕಸಬನ್ನ ಹಿಡದಿ!"

ಅದೊಂದು ಭಾನುವಾರ ನನ್ನ ಮ್ಯಾನೇಜರು ಊಟಕ್ಕೆ ಬಂದರು. ವಿಜಯವಾಡದ ಕಡೆಯ ಸಂಭಾವಿತ ಮನುಷ್ಯ. ನಾವು ಒಂದು ಬ್ಯಾಂಕಿಗಾಗಿ, ಮನೆಯಲ್ಲೇ ಕೂತು ಹಣ ಕಳಿಸುವ ವ್ಯವಸ್ಥೆ ಮಾಡುತ್ತಿದ್ದೆವು. ಅದರ ಮಹಿಮೆಯನ್ನು ಅವರು ಹೋಳಿಗೆ ಮುರಿಯುತ್ತಾ ಬಣ್ಣಿಸುತ್ತಿದ್ದರು. ನಾನು ಮಾತು ತಿರುಗಿಸಲು ನೋಡುತ್ತಿದ್ದೆ, ಯಾಕೆಂದರೆ ಕಾಕಾ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಕೊನೆಗೂ ತಮ್ಮ ತೆಲುಗಿನಲ್ಲಿ ಕೇಳಿಯೇಬಿಟ್ಟರು: "ಮೀರು ಮೀ ಡಬ್ಬು ಇಂದುಲೋ ಪೆಡತಾರಾ ಅಂಡಿ?" ನಿಮ್ಮ ಸ್ವಂತ ದುಡ್ಡನ್ನು ಇದರಲ್ಲಿ ಇಡುತ್ತೀರಾ?

ಮ್ಯಾನೇಜರಿಗೆ ಹೋಳಿಗೆ ಗಂಟಲಲ್ಲಿ ನಿಂತಿತು. ನೀರು ಕುಡಿದರು. ನನ್ನ ಕಡೆ ನೋಡಿದರು, ನಾನು ಉಪ್ಪಿನಕಾಯಿಯ ಕಡೆ ನೋಡಿದೆ. "ಲೇದಂಡಿ," ಎಂದರು ಮೆಲ್ಲಗೆ, "ನೇನು ಬ್ಯಾಂಕುಕು ವೆಳ್ಳಿ ಲೈನ್‌ಲೋ ನಿಲಬಡತಾನು." ತಾವು ಕಟ್ಟಿದ್ದನ್ನು ನಂಬದೆ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಾರಂತೆ! ನನ್ನ ನೌಕರಿ ಹೋಯಿತು ಎಂದುಕೊಂಡೆ. ಸೋಮವಾರ ಆಫೀಸಿಗೆ ಹೋದರೆ ತಪಾಸಣೆಗೆ ಇನ್ನೂ ಎರಡು ವಾರ ಸಮಯ ಕೊಟ್ಟಿದ್ದರು. ಹೊಸದಾಗಿ ಅರವತ್ತು ತಪ್ಪು ಸಿಕ್ಕವು. ಕಾಕಾಗೆ ಹೇಳಿದರೆ, "ಬರೇ ಅರವತ್ತಽ?" ಎಂದರು.

ಇಲ್ಲಿಯವರೆಗೆ ನಗುವ ಮಾತಾಯಿತು. ಇನ್ನು ಹೇಳುವುದರಲ್ಲಿ ನಮಗೆ ಆಗ ನಗು ಬಂದಿರಲಿಲ್ಲ.

ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. ಮಳೆಗಾಲ ಬಂತೆಂದರೆ ಅವಳಿಗೆ ಉಬ್ಬಸ. ತಾರ್ನಾಕದ ಮನೆ ನೆಲಮಹಡಿಯದು, ಗೋಡೆಗೆ ತೇವ ಹತ್ತಿ ಒಂದು ಕಡೆ ಬೂಷ್ಟು ಬೆಳೆದಿತ್ತು. ಸುಣ್ಣ ಬಳಿದರೆ ಒಂದು ವಾರ ಮುಚ್ಚಿಕೊಳ್ಳುತ್ತಿತ್ತು, ಆಮೇಲೆ ಮತ್ತೆ ಹಣಿಕುತ್ತಿತ್ತು. ಮಗುವಿನ ಪುಟ್ಟ ಎದೆಗೂಡು ಒಳಗೆ ಸೇದಿಕೊಂಡು ಸುಯ್ ಸುಯ್ ಎನ್ನುವುದನ್ನು ಕೇಳಿದ ತಂದೆತಾಯಿಗೆ ಮಾತ್ರ ಗೊತ್ತು ಆ ಸಂಕಟ. ಡಾಕ್ಟರು ಕೊನೆಗೆ ಖಡಾಖಂಡಿತವಾಗಿ ಹೇಳಿದರು: "ಔಷಧಿ ನಾನು ಕೊಡ್ತೀನಿ. ಒಣಗಿದ ಮನೆ ನೀವೇ ಕೊಡಬೇಕು. ಇನ್ನೊಂದು ಮಳೆಗಾಲ ಇಲ್ಲಿ ಬೇಡ." ಬಾಡಿಗೆ ಮನೆಗಳನ್ನು ಹುಡುಕಿದೆವು. ಮಳೆಗಾಲ ಮುಗಿದ ಮೇಲೆ ಎಲ್ಲ ಮನೆಯೂ ಒಣಗಿಯೇ ಇರುತ್ತದಲ್ಲ! ಕೊನೆಗೆ, ಏನಾದರಾಗಲಿ, ಹೊಸ ಫ್ಲಾಟನ್ನೇ ತೆಗೆದುಕೊಳ್ಳೋಣ ಎಂದು ಗಟ್ಟಿ ಮನಸ್ಸು ಮಾಡಿದೆವು.

ಮಿಯಾಪುರದ ಆಚೆ ಐದು ಮಹಡಿಯ ಹೊಸ ಕಟ್ಟಡ. ಟೈ ಕಟ್ಟಿದ ಮಾರಾಟಗಾರ ನಮ್ಮನ್ನು ನೇರ ಐದನೆಯ ಮಹಡಿಗೆ ಹತ್ತಿಸಿದ. 502. ಮೂಲೆಯ ಫ್ಲಾಟು, ಮೂರು ಕಡೆ ಕಿಟಕಿ, ಗಾಳಿ ಅಂದರೆ ಗಾಳಿ! "ವ್ಯೂ ಚೂಡಂಡಿ ಸಾರ್, ವ್ಯೂ!" ಎಂದು ಕಿಟಕಿಯಿಂದ ಆಕಾಶವನ್ನೇ ಮಾರಲು ನಿಂತ. ನನ್ನ ಹೆಂಡತಿ ಆಗಲೇ ಮನಸ್ಸಿನಲ್ಲಿ ಪರದೆ ಕಟ್ಟಿ, ಮಗಳ ಮಂಚವನ್ನು ಪಶ್ಚಿಮದ ಗೋಡೆಗೆ ಹಚ್ಚಿ ಆಗಿತ್ತು. ತಿರುಗಿ ನೋಡಿದರೆ ಕಾಕಾ ಇಲ್ಲ.

ಇನ್ನೆಲ್ಲಿರುತ್ತಾರೆ? ಕಟ್ಟಡದ ಹಿಂದೆ ಉಸುಕಿನ ಗುಡ್ಡೆಯ ಪಕ್ಕದಲ್ಲಿ, ಊಟಕ್ಕೆ ಕೂತಿದ್ದ ಹತ್ತಾರು ಕೂಲಿಗಳ ನಡುವೆ, ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತಿದ್ದರು. ಸುರಪುರ, ಶಹಾಪುರದ ಕಡೆಯಿಂದ ದುಡಿಯಲು ಬಂದ ಗಂಡಸರು ಹೆಂಗಸರು. ಮಾರಾಟಗಾರನ ತೆಲುಗು, ಇಂಗ್ಲಿಷು ಮೇಲೆ ನಡೆದಿದ್ದರೆ ಕೆಳಗೆ ನಮ್ಮ ಕಾಕಾನ ಕನ್ನಡ ನಡೆದಿತ್ತು. "ಜ್ವಾಳ ಈ ಸಲ ಹೆಂಗ ಬಂದಾವ್ರಿ ನಿಮ್ಮ ಕಡೆ?" ಎಂಬ ಮಾತು ನನ್ನ ಕಿವಿಗೆ ಬಿತ್ತು. ಅವರ ಕೈಯಲ್ಲಿ ಯಾರೋ ಕೊಟ್ಟ ಅರ್ಧ ರೊಟ್ಟಿ, ಮೇಲೆ ಶೇಂಗಾ ಹಿಂಡಿ. ಮಾರಾಟಗಾರನ ಮುಖ ಹುಳ್ಳಗಾಯಿತು. "ಲೇಬರ್‌ತೋ ಏಂ ಮಾಟಲು ಸಾರ್?" ಎಂದ. ಲೇಬರಿನವರ ಜೊತೆ ಏನು ಮಾತು ಅಂತ.

ರಸ್ತೆಗೆ ಬಂದ ಮೇಲೆ ಕಾಕಾ ತೀರ್ಪು ಕೊಟ್ಟರು. "502 ಬ್ಯಾಡ. ಎರಡನೇ ಮಾಳಗಿ ಮ್ಯಾಲ 203 ಐತಿ. ಅದನ್ನ ತಗೋರಿ."

"ಯಾಕ ಕಾಕಾ?"

"ಯಾಕಂತ ಕೇಳಬ್ಯಾಡ್ರಿ. ಮಾತ ಕೊಟ್ಟೀನಿ."

ವಾಪಸು ಹೋಗಿ 203 ನೋಡಿದೆವು. ಅಯ್ಯೋ ದೇವರೇ! ಅಡಿಗೆ ಮನೆಯ ಗೋಡೆ ತುಂಬಾ ಹೊಗೆಯ ಮಸಿ. ಕೋಣೆಯ ಗೋಡೆಗೆ ಎಣ್ಣೆ ಕೈ, ಅರಿಶಿನದ ಕೈ ಒರೆಸಿದ ಗುರುತು. ಎಲ್ಲೆಂದರಲ್ಲಿ ಮೊಳೆ. ಕಿಟಕಿ ತೆಗೆದರೆ ಆಕಾಶವಿಲ್ಲ, ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ಮಾರಾಟಗಾರನಿಗೇ ನಾಚಿಕೆಯಾಯಿತು. ಕೆಲಸ ನಡೆಯುವಾಗ ಕೂಲಿಗಳ ಸಂಸಾರ ಇದರಲ್ಲಿ ಇತ್ತೆಂದೂ, ಇದನ್ನು ಬಣ್ಣ ಬಳಿದು ಎಲ್ಲಕ್ಕಿಂತ ಕೊನೆಗೆ ಮಾರುವುದೆಂದೂ ಒಪ್ಪಿಕೊಂಡ.

ಅವತ್ತು ಮನೆಯಲ್ಲಿ ಮಹಾಭಾರತ. "ಇನ್ನೊಬ್ಬರು ಒಲಿ ಹಚ್ಚಿ ಹೊಗಿ ಹಾಕಿದ ಮನಿಯಾಗ ನಾನು ಗೃಹಪ್ರವೇಶದ ಹಾಲು ಉಕ್ಕಸಬೇಕೇನ್ರಿ?" ನನ್ನ ಹೆಂಡತಿಯ ಕಣ್ಣಲ್ಲಿ ನೀರು. "ಕಾರಣ ಹೇಳಿದ್ರ ಹೂಂ ಅಂತೀನಿ. ಕಾರಣನ ಹೇಳಾಂಗಿಲ್ಲ ಅಂದ್ರ? ನಮ್ಮ ಕೂಸಿನ ಜೀವಕ್ಕಿಂತ ಯಾರೋ ಏನೋ ಹೇಳಿದ ಗುಟ್ಟು ದೊಡ್ಡದಾತೇನು?"

ಕಾಕಾ ತಲೆ ತಗ್ಗಿಸಿ ಕೂತಿದ್ದರು. "ನಂದು ತಪ್ಪ ತಿಳೀಬ್ಯಾಡವಾ" ಎಂದರೇ ಹೊರತು ಬೇರೆ ಒಂದಕ್ಷರ ಇಲ್ಲ. ನನಗೂ ಸಿಟ್ಟು ಬಂದಿತ್ತು. ಸುಳ್ಳೇಕೆ ಹೇಳಲಿ, ಈ ಮುದುಕರಿಗೆ ಅರಳು ಮರಳು ಶುರುವಾಯಿತು ಎಂದೇ ಅನ್ನಿಸಿತ್ತು. ಮೂರು ದಿನ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ಅನ್ನ ಬಡಿಸುವ ಸಟ್ಟುಗ ತಟ್ಟೆಗೆ ತಾಗಿ ಠಣ್ ಎನ್ನುವುದೊಂದೇ ಸದ್ದು. ಅತ್ತ ಮಾರಾಟಗಾರ ದಿನಕ್ಕೆರಡು ಸಲ ಫೋನು ಮಾಡಿ, 502ನ್ನು ಅಮೆರಿಕಾದಿಂದ ಯಾರೋ ಕೇಳುತ್ತಿದ್ದಾರೆ, ಭಾನುವಾರದೊಳಗೆ ಹೇಳಿ ಎನ್ನುತ್ತಿದ್ದ.

ಶನಿವಾರ ಬೆಳಗ್ಗೆ ಚಳಿಗೆ ಮಗಳಿಗೆ ಮತ್ತೆ ಉಬ್ಬಸ ಬಂತು. ಔಷಧಿ ಕೊಟ್ಟು ನನ್ನ ಎದೆಗೆ ಒರಗಿಸಿಕೊಂಡು ಕೂತಿದ್ದೆ. ಎದುರಿಗೆ ಕಾಕಾ. ನನಗೆ ಏನು ತೋಚಿತೋ, ಅವರ ಪ್ರಶ್ನೆಯನ್ನು ಅವರಿಗೇ ಕೇಳಿದೆ.

"ಕಾಕಾ, ಈಕಿ ನಿಮ್ಮ ಮಗಳಾಗಿದ್ರ 502ರಾಗ ಮಲಗಸ್ತಿದ್ರೇನು?"

ಅವರು ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡರು. "ಒಂದ ದಿನಾನೂ ಇಲ್ಲ" ಎಂದರು.

"203ರಾಗ?"

"ಅಲ್ಲಿ ಮಲಗಿಸಿದ್ರ ನನಗೂ ನಿದ್ದಿ ಬರತೈತಿ ತಮ್ಮಾ."

ನನಗೆ ಅಷ್ಟು ಸಾಕಾಯಿತು. ಅಡಿಗೆ ಮನೆಯ ಬಾಗಿಲಲ್ಲಿ ಸಟ್ಟುಗ ಹಿಡಿದು ನಿಂತಿದ್ದ ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಬಣ್ಣ ಮಾತ್ರ ನಾನು ಹೇಳಿದ್ದನ್ನಽ ಹಚ್ಚಬೇಕು ಮತ್ತ!" ಎಂದಳು.

ಹೀಗೆ ನಾವು 203ಕ್ಕೆ ಬಂದೆವು. ಬಂದದ್ದು ಚಳಿಗಾಲ ಮುಗಿಯುವಾಗ, ಆಗ ಎಲ್ಲ ಒಣಒಣ. ನಿಜವಾದ ಪರೀಕ್ಷೆ ಜೂನಿನಲ್ಲಿ. ಮೊದಲ ದೊಡ್ಡ ಮಳೆ ಮೂರು ದಿನ ಜಡಿಯಿತು. ಆ ಮೂರು ದಿನ ನಮ್ಮ ಮನೆಯಲ್ಲಿ ನಡೆದ ನಾಟಕ ನೋಡಬೇಕಿತ್ತು! ನಾನು ಪೇಪರು ಓದುವ ನೆವದಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತು ಅಂಗೈಯಿಂದ ಹಿಂದೆ ತಡವುತ್ತಿದ್ದೆ. ನನ್ನ ಹೆಂಡತಿ ಕಸ ಗುಡಿಸುವ ನೆವದಲ್ಲಿ ಮೂಲೆ ಮೂಲೆಗೆ ಬಗ್ಗಿ ಗೋಡೆಯ ಬುಡ ಮುಟ್ಟುತ್ತಿದ್ದಳು. ಕಾಕಾ ಯಾವ ನೆವವನ್ನೂ ಹುಡುಕದೆ, ಗೋಡೆಗೆ ಕೆನ್ನೆ ಇಟ್ಟು ಸೀದಾ ನಿಂತುಬಿಟ್ಟಿದ್ದರು. ಮೂರನೆಯ ದಿನ ಮೂವರೂ ಒಂದೇ ಗೋಡೆಯ ಹತ್ತಿರ ಒಬ್ಬರಿಗೊಬ್ಬರು ಸಿಕ್ಕಿಬಿದ್ದೆವು. ಗೋಡೆ ಕಟಿ ರೊಟ್ಟಿಯ ಹಾಗೆ ಒಣಗಿತ್ತು! ಮಗಳು ಪಕ್ಕದಲ್ಲೇ ಅಂಗಾತ ಮಲಗಿ, ಬಾಯಿ ಮುಚ್ಚಿಕೊಂಡು, ಸದ್ದಿಲ್ಲದೆ ನಿದ್ದೆ ಮಾಡುತ್ತಿದ್ದಳು.

ಜೂನು ಹೋಯಿತು, ಜುಲೈ ಬಂತು. ಅವಳಿಗೆ ಒಂದೇ ಒಂದು ಸಲವೂ ಉಬ್ಬಸ ಬರಲಿಲ್ಲ. ಔಷಧಿ ಹಬೆ ಹಿಡಿಯುವ ಯಂತ್ರದ ಮೇಲೆ ಧೂಳು ಕೂತಿತು. ಒಂದು ಮಧ್ಯಾಹ್ನ ನನ್ನ ಹೆಂಡತಿ ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದಳು. ಏರಿಸಿ ಕೆಳಗಿಳಿದವಳು ಸ್ಟೂಲಿನ ಮೇಲೆ ಕೂತು ಸುಮ್ಮನೆ ಅತ್ತಳು. ನನಗೂ ಅಷ್ಟೇ, ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದಂತಾಗಿತ್ತು.

502ಕ್ಕೆ ಬಂದವರು ನೆಲ್ಲೂರಿನ ಕಡೆಯ ನನ್ನಂಥವರೇ ಒಬ್ಬರು ಸಾಫ್ಟ್‌ವೇರಿನವರು. ಲಿಫ್ಟಿನಲ್ಲಿ ಸಿಕ್ಕಾಗ, "ಮೀ ಗೋಡಲೋ ಕೂಡಾ ನೀಳ್ಳು ವಸ್ತುನ್ನಾಯಾ?" ಎಂದರು. ನಿಮ್ಮ ಗೋಡೆಯಲ್ಲೂ ನೀರು ಬರುತ್ತಿದೆಯೇ ಎಂದು. ಅವರ ಪಶ್ಚಿಮದ ಗೋಡೆ ಸೋರಿ, ಮಂಚವನ್ನು ಎಳೆದು ಕೋಣೆಯ ನಟ್ಟನಡುವೆ ಹಾಕಿಕೊಂಡಿದ್ದರಂತೆ. ನಾನು ಇಲ್ಲ ಎಂದೆ. ಹಾಗೆನ್ನುವಾಗ ಒಳಗೊಳಗೆ ಸಮಾಧಾನ, ಅದರ ಹಿಂದೆಯೇ ನಾಚಿಕೆ. ಕಾಕಾ ಮರುದಿನವೇ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಮೇಲೆ ಹೋಗಿ, ಹೊರಗಿನ ಬಿರುಕು ತುಂಬಿಸಲು ಹತ್ತಿದರು.

ಶ್ರಾವಣ ಬಂತು. ಪಂಚಮಿ ಹಬ್ಬ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯದಿದ್ದರೆ ಅದು ಹಬ್ಬವೇ ಅಲ್ಲ. ಆ ವರ್ಷ ನನ್ನ ಹೆಂಡತಿಯ ಅಣ್ಣನಿಗೆ ಬರಲು ಆಗಲಿಲ್ಲ. ಅವಳು ಮುಖ ಸಣ್ಣದು ಮಾಡಿಕೊಂಡು ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುತ್ತಿದ್ದಳು. ಬೆಳಗ್ಗೆ ಎದ್ದು ಎಲ್ಲೋ ಹೋಗಿದ್ದ ಕಾಕಾ ಹನ್ನೊಂದರ ಹೊತ್ತಿಗೆ ಬಂದರು. ಹಿಂದೆ ಒಬ್ಬ ಹೆಂಗಸು, ಸೊಂಟದಲ್ಲಿ ವರ್ಷದ ಕೂಸು. ಅವಳು ಹೊಸ್ತಿಲ ಹೊರಗೇ ನಿಂತಳು.

"ಪಂಚಮಿ ಐತೆಲ್ಲವಾ," ಎಂದರು ಕಾಕಾ ನನ್ನ ಹೆಂಡತಿಗೆ, "ಹೆಣ್ಣುಮಗಳನ್ನ ತವರಿಗೆ ಕರಕೊಂಡ ಬಂದೀನಿ."

ನಮಗೆ ತಲೆಬುಡ ತಿಳಿಯಲಿಲ್ಲ. ಯಾರ ತವರು? ಯಾವ ಹೆಣ್ಣುಮಗಳು? ಕಾಕಾ ಆ ಹೆಂಗಸಿನ ಕಡೆ ತಿರುಗಿ, "ನೀನ ಹೇಳವಾ ಸಾಬಮ್ಮ. ನಾ ಹೇಳಾಂಗಿಲ್ಲ" ಎಂದರು.

ಸಾಬಮ್ಮ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಹೇಳಿದಳು. "ಅಜ್ಜಾರಿಗೆ ಈ ಮನಿ ಸುದ್ದಿ ಹೇಳಿದಾಕಿ ನಾನಽ ರೀ. ಈಗ ನಾವು ಬ್ಯಾರೆ ಕಡೆ ಕೆಲಸಕ್ಕ ಹೋಗೀವಿ, ಅದಕ್ಕ ಅಂಜಿಕಿ ಇಲ್ಲ. ಈ ಮನ್ಯಾಗ ನಾವು ಇದ್ವಿರಿ. ಗ್ವಾಡಿ ಹಸೇವು ಇದ್ದಾಗ ನನ್ನ ಗಂಡ ಮೂರು ವಾರ ಎರಡೂ ಹೊತ್ತು ನೀರ ಹೊಡದಾನ್ರಿ, ನಾವ ಇರೂ ಮನಿ ಅಂತ. ಎಳೇದಿದ್ದಾಗ ನೀರ ಕುಡದ ಗ್ವಾಡಿ ಆಮ್ಯಾಲ ನೀರ ಒಳಗ ಬಿಡಾಂಗಿಲ್ಲರಿ. ಮ್ಯಾಲಿನ ಮಾಳಗಿಗೆ ಪೈಪಿನ್ಯಾಗ ನೀರ ಏರತಿದ್ದಿಲ್ಲ. ಲಗೂ ಮುಗಸ್ರಿ, ಲಗೂ ಮುಗಸ್ರಿ ಅಂತಿದ್ರು, ಒಣ ಗ್ವಾಡಿಗೇ ಸಿಮೆಂಟ್ ಗಿಲಾಯಿ ಮಾಡಿದ್ವಿ. 502ರಾಗ ನನ್ನ ಮೈದುನ ಇದ್ದ. ನಾಕ ದಿನ ಮಳಿ ಹತ್ತಿದ್ದಕ್ಕ ಹಾಸಿಗಿ ಹೊತಗೊಂಡು ನಮ್ಮ ಖೋಲಿಗೆ ಓಡಿ ಬಂದ."

ಅವಳು ಒಳಗಿನ ಕೋಣೆಯ ಕಡೆ ಬೆರಳು ತೋರಿಸಿದಳು. ಅದು ನನ್ನ ಮಗಳು ಮಲಗುವ ಕೋಣೆ. "ನನ್ನ ಬಾಣಂತನ ಅಲ್ಲೇ ಆತ್ರಿ. ನನಗ ತಾಯಿ ಇಲ್ಲ, ತವರಿಗೆ ಹೋಗಾಕ ಆಗಲಿಲ್ಲ. ಈ ಕೂಸು ಹೋದ ಮಳಿಗಾಲ ಪೂರ್ತಿ ಅಲ್ಲೇ ಬೆಳೀತು. ಒಂದ ನೆಗಡಿ ಆಗಲಿಲ್ಲ ನೋಡ್ರಿ."

"ಮತ್ತ ಅವತ್ತ ನಿನ್ನ ಹೆಸರ ಹೇಳಾಕ ಯಾಕ ಬ್ಯಾಡಂದಿದ್ದಿ?" ಎಂದಳು ನನ್ನ ಹೆಂಡತಿ.

"ಕೆಲಸ ಹೋಗತಿತ್ತಲ್ರಿ ಯಕ್ಕಾ. ಮೊದಲ ನಾ ಬಾಯಿನ ಬಿಡಲಿಲ್ಲ. ಆಮ್ಯಾಲ ಅಜ್ಜಾರು ನನ್ನ ಕೂಸಿನ ತಲಿ ಮ್ಯಾಲ ಕೈ ಇಟ್ಟು, 'ನಮ್ಮ ಮನ್ಯಾಗೂ ಒಂದು ಕೂಸು ಐತವಾ, ಅದಕ್ಕ ಉಸಿರ ಸಾಲವಲ್ದು, ನನಗ ನೋಡಾಕ ಆಗವಲ್ದು' ಅಂತ ಅತ್ತುಬಿಟ್ರು. ಎಲ್ಲಾರ ಮುಂದ ಅತ್ರು ರೀ. ಆಮ್ಯಾಲ ನಾ ಹೆಂಗ ಸುಮ್ನಿರಲಿ?"

ಕಾಕಾ ಅತ್ತಿದ್ದರು! ನಾನು ಹುಟ್ಟಿದಾಗಿನಿಂದ ಅವರ ಕಣ್ಣಲ್ಲಿ ಒಂದು ಹನಿ ಕಂಡವನಲ್ಲ. ಅರಳು ಮರಳು ಎಂದುಕೊಂಡಿದ್ದೆನಲ್ಲ, ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಅವರು ಮಾತ್ರ ನಮ್ಮ ಕಡೆ ನೋಡದೆ, ತಿರುಗದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಅಷ್ಟರಲ್ಲಿ ಸೊಂಟದ ಕೂಸು ಕೆಮ್ಮಿತು. ನಮ್ಮ ಮೂವರಿಗೂ ಬಹಳ ಪರಿಚಯದ ಕೆಮ್ಮು.

"ಎಷ್ಟ ದಿನಾತು ಇದು?" ನನ್ನ ಹೆಂಡತಿ ಕೇಳಿದಳು.

"ಹದಿನೈದ ದಿನಾತ್ರಿ. ಈಗ ತಗಡಿನ ಶೆಡ್ಡಿನ್ಯಾಗ ಅದೀವಿ. ಕೆಳಗೂ ನೀರು, ಮ್ಯಾಲೂ ನೀರು."

ನನ್ನ ಹೆಂಡತಿ ಹೊಸ್ತಿಲಿಗೆ ಹೋಗಿ ಕೂಸನ್ನು ಎತ್ತಿಕೊಂಡಳು, ಸಾಬಮ್ಮನ ಕೈ ಹಿಡಿದು ಒಳಗೆ ಕರೆತಂದಳು. ಊಟವಾಯಿತು, ಉಂಡಿ ತಿಂದದ್ದಾಯಿತು. ಮಗಳ ಪಕ್ಕದಲ್ಲಿ ಇನ್ನೊಂದು ಹಾಸಿಗೆ ಬಿತ್ತು. ಸಾಬಮ್ಮ ಹೊರಡುತ್ತೇನೆ ಎಂದು ಎದ್ದಾಗ ಹೊರಗೆ ಮಳೆ ಹಿಡಿದಿತ್ತು. "ಪಂಚಮಿಗೆ ಬಂದಾಕಿ ಅವತ್ತಿಂದವತ್ತ ಹೋಗತಾರೇನು? ಮಳಿ ನಿಂದ್ರಲಿ" ಎಂದಳು ನನ್ನ ಹೆಂಡತಿ. ಸಂಜೆ ಕಾಕಾ ಹೋಗಿ ಸಾಬಮ್ಮನ ಗಂಡನನ್ನೂ ಊಟಕ್ಕೆ ಕರೆತಂದರು. ಆ ಮಳೆ ನಾಲ್ಕು ದಿನ ಬಿಡಲಿಲ್ಲ. ಸಾಬಮ್ಮನೂ ಹೋಗಲಿಲ್ಲ. ನಮ್ಮ ಡಾಕ್ಟರಿಗೆ ತೋರಿಸಿ ತಂದ ಔಷಧಿಯೂ, ಒಣಗಿದ ಕೋಣೆಯೂ ಸೇರಿ ನಾಲ್ಕನೆಯ ದಿನಕ್ಕೆ ಕೂಸಿನ ಕೆಮ್ಮು ನಿಂತಿತು.

ಐದನೆಯ ದಿನ ಬಿಸಿಲು ಬಿತ್ತು. ನನ್ನ ಹೆಂಡತಿ ಸಾಬಮ್ಮನನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಕುಬಸದ ಖಣ ಇಟ್ಟು ಉಡಿ ತುಂಬಿದಳು. "ಮುಂದಿನ ಪಂಚಮಿತನಕ ದಾರಿ ಕಾಯಬ್ಯಾಡ. ಮಳಿ ಬಂದ್ರ ಕೂಸನ್ನ ಕರಕೊಂಡ ಸೀದಾ ಬಂದುಬಿಡು" ಎಂದಳು. ಇಬ್ಬರೂ ಅತ್ತರು.

ಬಸ್ ಸ್ಟಾಪಿನವರೆಗೆ ಕೂಸನ್ನು ಎತ್ತಿಕೊಂಡು ಹೋದವರು ಕಾಕಾ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅವರು ಕೈ ಎತ್ತಿಕೊಂಡು ನಿಂತೇ ಇದ್ದರು. ನಾನು ಹತ್ತಿರ ಹೋಗಿ ಭುಜ ಮುಟ್ಟಿದೆ. ಮಕ್ಕಳಿಲ್ಲದ ನಮ್ಮ ಕಾಕಾ, ಜೀವನದಲ್ಲಿ ಮೊದಲ ಸಲ ಮಗಳನ್ನು ತವರಿನಿಂದ ಕಳಿಸಿಕೊಟ್ಟು, ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.